ಧಕ್ಕೆಯ ಕಂಬ ತಿಂದ ಬೂಷ್ಟು: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಒಂದು ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ನಡೆದ ಎಂಎಸ್ಸಿ ಪ್ರಾಜೆಕ್ಟ್ ಇದು. ನಾನು ಅದರ ಗೈಡ್ ಆಗಿದ್ದೆ. ಇಬ್ಬರು ವಿದ್ಯಾರ್ಥಿಗಳನ್ನು ಇಲ್ಲಿ ಸುಧಾ ಮತ್ತು ಮಂಜು ಎಂದು ಕರೆದಿದ್ದೇನೆ. ಅವು ಅವರ ನಿಜವಾದ ಹೆಸರಲ್ಲ. ಕಾಲೇಜಿನ ಹೆಸರು, ಧಕ್ಕೆ (ದೋಣಿ ನಿಲ್ಲುವ ಕಟ್ಟೆ) ಇರುವ ಊರಿನ ಹೆಸರು ಬಿಟ್ಟಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಸಮುದ್ರದಿಂದ ಇಷ್ಟು ದೂರ ಕೂತು ಸಮುದ್ರದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವವರು ನಾವು ಎಡವಿದ ಕಡೆಯೇ ಎಡವದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಮಂಜು ಕುಮಟಾ ಕಡೆಯ ಹುಡುಗ. ಅವನ ಸೋದರಮಾವ ಅಘನಾಶಿನಿ ಅಳಿವೆಯಲ್ಲಿ ದೋಣಿ ಇಟ್ಟುಕೊಂಡಿದ್ದಾರೆ. ಶಿರಸಿ ಕಡೆ ಹುಟ್ಟಿ, ದಾರಿಯಲ್ಲಿ ಅಣೆಕಟ್ಟು ಕಾಣದೆ ಅರಬ್ಬಿ ಸಮುದ್ರ ಸೇರುವ ಹೊಳೆ ಅದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಚಿಪ್ಪು, ಏಡಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಎಲ್ಲ ಇರುವ ಜಾಗ. 2024ರಲ್ಲಿ ಆ ಅಳಿವೆ ಮುಖ್ಯ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೂ ಸೇರಿತು.

ಒಂದು ರಜೆಯಲ್ಲಿ ಮಾವ ಅವನನ್ನು ಧಕ್ಕೆಗೆ ಕರೆದುಕೊಂಡು ಹೋಗಿ ದೋಣಿ ಕಟ್ಟುವ ಕಂಬ ತೋರಿಸಿದರು. ಗಾಳಿ ಮರದ (ಕ್ಯಾಶುವರಿನಾ) ಕಂಬ. ಇಳಿತದಲ್ಲಿ ನೀರು ಸರಿದಾಗ ಅರ್ಧ ಭಾಗ ಹೊರಗೆ ಕಾಣುತ್ತದೆ. ಮಾವ ಚಾಕು ತೆಗೆದು ಒತ್ತಿದರು. ತುದಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. "ನೀ ಬೆಂಗ್ಳೂರಲ್ಲಿ ಎಂತದೋ ಕ್ರಿಮಿ ಓದ್ತೆ ಅಲ್ದಾ? ಇದ್ನ ಯಾರು ತಿಂದ್ರು ಹೇಳು ನೋಡ್ವಾ. ಹುಳಾನೂ ಇಲ್ಲ, ತೂತೂ ಇಲ್ಲ. ಮರ ಮಾತ್ರ ಮೆತ್ತಗೆ."

ಆ ಪ್ರಶ್ನೆಯನ್ನೇ ಮಂಜು ಪ್ರಾಜೆಕ್ಟ್ ಮಾಡಿಕೊಂಡು ಬಂದ. ನನಗೂ ಖುಷಿಯಾಯಿತು. ನಮ್ಮಲ್ಲಿ ಬಹಳಷ್ಟು ಪ್ರಾಜೆಕ್ಟ್‌ಗಳು ಹಳೆಯ ರಿಪೋರ್ಟ್ ನೋಡಿ ಹುಟ್ಟುತ್ತವೆ. ಇದು ಒಬ್ಬ ಮೀನುಗಾರರ ಚಾಕುವಿನ ತುದಿಯಿಂದ ಹುಟ್ಟಿದ್ದು.

ಸಮುದ್ರದ ಮರ ಹಾಳಾಯಿತು ಅಂದ ತಕ್ಷಣ ಎಲ್ಲರೂ ಹೇಳುವುದು ಹಡಗುಹುಳು. ಹೆಸರು ಹುಳು ಅಂತ ಇದ್ದರೂ ಅದು ಚಿಪ್ಪಿನ ಜಾತಿ. ತಲೆಯ ಬಳಿ ಇರುವ ಎರಡು ಪುಟ್ಟ ಚಿಪ್ಪುಗಳಿಂದ ಮರವನ್ನು ಅರದ ಹಾಗೆ ಉಜ್ಜಿ ಸುರಂಗ ಮಾಡುತ್ತದೆ. ಸುರಂಗದ ಒಳಗೋಡೆಗೆ ಸುಣ್ಣದ ಪದರ ಬಳಿಯುತ್ತದೆ. ಮರ ಸೀಳಿದರೆ ಸಾಕು, ಗೊತ್ತಾಗಿಬಿಡುತ್ತದೆ. ಇನ್ನೊಂದು, ಸಿಗಡಿಯ ದೂರದ ನೆಂಟ, ಅಕ್ಕಿಕಾಳಿನಷ್ಟು ಸಣ್ಣದು. ಅದು ಮರದ ಮೇಲ್ಮೈಯಲ್ಲೇ ತೂತು ಕೊರೆಯುತ್ತದೆ. ಮಾವನ ಕಂಬದಲ್ಲಿ ಈ ಎರಡರ ಗುರುತೂ ಇರಲಿಲ್ಲ. ಹಾಗಾಗಿ ನಮ್ಮ ಅನುಮಾನ ಶಿಲೀಂಧ್ರದ ಮೇಲೆ ಹೋಯಿತು.

ಈ ಅನುಮಾನಕ್ಕೆ ಆಧಾರ ಇತ್ತು. ಸಮುದ್ರದಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಬೀಜಕಣ ಬಿಡುವ ಶಿಲೀಂಧ್ರಗಳಿವೆ. ಇವುಗಳಲ್ಲಿ ಮೊದಲನೆಯದನ್ನು 1846ರಲ್ಲೇ ವಿವರಿಸಿದ್ದರು. ಅದು ಸಿಕ್ಕಿದ್ದು ಕಡಲಹುಲ್ಲಿನ ಮೇಲೆ. ಮರದ ಮೇಲಿನವುಗಳ ಬಗ್ಗೆ ದೊಡ್ಡ ಕೆಲಸ ಬಂದದ್ದು ಸುಮಾರು ನೂರು ವರ್ಷದ ನಂತರ, 1944ರಲ್ಲಿ, ಅಮೆರಿಕದ ಬಾರ್ಗ್‌ಹೂರ್ನ್ ಮತ್ತು ಲಿಂಡರ್ ಅವರಿಂದ. 1954ರಲ್ಲಿ ಬ್ರಿಟನ್ನಿನ ಸಾವರಿ ಎಂಬುವರು ಮರವನ್ನು ಹೀಗೆ ಮೆತ್ತಗೆ ಮಾಡುವ ಶಿಲೀಂಧ್ರದ ಕೊಳೆಗೆ ಸಾಫ್ಟ್ ರಾಟ್ (ಮೆತ್ತನೆ ಕೊಳೆ) ಎಂದು ಹೆಸರಿಟ್ಟರು. ಅವರು ಅದನ್ನು ಮೊದಲು ಗಮನಿಸಿದ್ದು ಸಮುದ್ರದಲ್ಲಲ್ಲ. ನೀರು ತಣಿಸುವ ಕೂಲಿಂಗ್ ಟವರ್‌ಗಳ ಮರದ ಹಲಗೆಗಳಲ್ಲಿ! ಸದಾ ನೆನೆದಿರುವ ಮರ ಎಲ್ಲಿದ್ದರೂ ಈ ಕೊಳೆ ಬರಬಹುದು ಎಂಬುದು ಆಗಲೇ ಗೊತ್ತಾಗಿತ್ತು. ಇವತ್ತು ಪಟ್ಟಿಯಲ್ಲಿರುವ ಸಮುದ್ರ ಶಿಲೀಂಧ್ರಗಳು ಸಾವಿರಕ್ಕೂ ಜಾಸ್ತಿ. ಅದರಲ್ಲಿ ಬಹಳಷ್ಟು ಮರದ ಮೇಲೆ ಬದುಕುವಂಥವು.

ಮೊದಲ ಸಲ ನಾವು ಮಾಡಿದ್ದು

ಅಕ್ಟೋಬರ್‌ನಲ್ಲಿ ಮಂಜು ಊರಿಗೆ ಹೋಗಿ ಕಂಬಗಳಿಂದ, ದಡಕ್ಕೆ ಬಂದು ಬಿದ್ದ ಮರದ ತುಂಡುಗಳಿಂದ 40 ಚೂರು ಕತ್ತರಿಸಿ ತಂದ. ಪ್ರತಿ ಚೂರನ್ನೂ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ನಂಬರ್ ಬರೆದು, ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದ. ಅಲ್ಲಿವರೆಗೆ ಎಲ್ಲ ಸರಿ ಇತ್ತು. ಆದರೆ ಅದು ದಸರಾ ರಜೆ. ಲ್ಯಾಬ್ ಬಾಗಿಲು ಹಾಕಿತ್ತು. ಚೂರುಗಳು ಅವನ ರೂಮಿನ ಮೂಲೆಯಲ್ಲಿ ಕಟ್ಟಿದ ಕವರ್‌ಗಳಲ್ಲಿ ಎಂಟು ದಿನ ಕೂತವು. "ಪರವಾಗಿಲ್ಲ, ಮರ ತಾನೇ" ಎಂದು ಫೋನಿನಲ್ಲಿ ನಾನೇ ಹೇಳಿದ್ದೆ.

ರಜೆ ಮುಗಿದ ಮೇಲೆ ಚೂರುಗಳನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದರು. ಕೆಸರು ಹೋಗಲಿ ಎಂದು ಬ್ರಷ್ ಹಾಕಿ ಉಜ್ಜಿದರು. ಆಮೇಲೆ ಸಣ್ಣ ತುಂಡು ಮಾಡಿ, ಎಲ್ಲರೂ ಬಳಸುವ ಆಲೂಗಡ್ಡೆ ಅಗರ್ (ಶಿಲೀಂಧ್ರ ಬೆಳೆಸುವ ಜೆಲ್ಲಿ) ಪ್ಲೇಟುಗಳ ಮೇಲೆ ಇಟ್ಟರು.

ಮೂರೇ ದಿನಕ್ಕೆ ಪ್ಲೇಟುಗಳು ತುಂಬಿದವು. ಕಪ್ಪು, ಹಸಿರು, ಬೂದಿ ಬಣ್ಣದ ಬೂಷ್ಟು. ಮಂಜುಗೆ ಸಂಭ್ರಮವೋ ಸಂಭ್ರಮ. ಆಸ್ಪರ್ಜಿಲಸ್, ಪೆನಿಸಿಲಿಯಂ, ಟ್ರೈಕೋಡರ್ಮಾ. ಡಿಸೆಂಬರ್ ಮುಗಿಯುವ ಹೊತ್ತಿಗೆ 11 ಬಗೆ ಬೇರೆ ಮಾಡಿದ್ದರು. ಮರದ ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಕರಗಿಸುತ್ತವಾ ಎಂದು ಪರೀಕ್ಷೆಯನ್ನೂ ಮಾಡಿದರು. ಬಹಳಷ್ಟು ಕರಗಿಸಿದವು. ಕರಡು ರಿಪೋರ್ಟ್ ತಯಾರಾಯಿತು. ಅಳಿವೆಯ ಮರ ಕೊಳೆಸುವ ಸಮುದ್ರ ಶಿಲೀಂಧ್ರಗಳು ಇವೇ ಎಂದು ಅದರಲ್ಲಿ ಬರೆದಾಗಿತ್ತು. ನಾನು ಅದನ್ನು ಓದಿ, ಕಾಗುಣಿತ ತಿದ್ದಿ, ಸರಿ ಎಂದೂ ಹೇಳಿದ್ದೆ.

ಅನುಮಾನ ಶುರುವಾದದ್ದು

ಜನವರಿಯಲ್ಲಿ ಒಂದು ಮಧ್ಯಾಹ್ನ ಸುಧಾ ನನ್ನ ಟೇಬಲ್ ಹತ್ತಿರ ಬಂದಳು. ಕೈಯಲ್ಲಿ ನಾಲ್ಕು ಪ್ಲೇಟು. "ಮೇಡಂ, ಇದು ಯಾವ ಸ್ಯಾಂಪಲ್ ಹೇಳಿ ನೋಡೋಣ" ಅಂದಳು. ಕಪ್ಪು, ಹಸಿರು, ಬೂದಿ. ನಮ್ಮ ಕಂಬದ ಪ್ಲೇಟುಗಳೇ ಅಂದುಕೊಂಡೆ. ಅಲ್ಲ. ಅವಳು ಖಾಲಿ ಅಗರ್ ಪ್ಲೇಟುಗಳ ಮುಚ್ಚಳ ತೆಗೆದು ಅರ್ಧ ಗಂಟೆ ಲ್ಯಾಬಿನ ಬೆಂಚಿನ ಮೇಲೆ ಇಟ್ಟಿದ್ದಳು, ಅಷ್ಟೇ. ಕಿಟಕಿಯ ಆಚೆ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಧೂಳು ದಿನವಿಡೀ ಒಳಗೆ ಬರುತ್ತಿತ್ತು. ಧಕ್ಕೆಯ ಕಂಬದಲ್ಲಿ ಸಿಕ್ಕಿದ್ದೂ ನಮ್ಮ ಕಿಟಕಿಯ ಧೂಳಿನಲ್ಲಿ ಸಿಕ್ಕಿದ್ದೂ ಒಂದೇ ಆಗಿತ್ತು.

ಇಂಥ ಖಾಲಿ ಪ್ಲೇಟನ್ನು ಮೊದಲ ದಿನವೇ ಇಡಬೇಕಿತ್ತು. ನಾವು ಇಟ್ಟಿರಲಿಲ್ಲ.

ಮಂಜು ಸುಲಭಕ್ಕೆ ಒಪ್ಪಲಿಲ್ಲ. ಅವನ ವಾದದಲ್ಲಿ ಅರ್ಥ ಇತ್ತು. ಉಪ್ಪಿನಲ್ಲಿ ಬೆಳೆದರೆ ಸಮುದ್ರದ್ದು, ಬೆಳೆಯದಿದ್ದರೆ ನೆಲದ್ದು ಅಂತ ಒಂದು ಪರೀಕ್ಷೆ ಮಾಡೋಣ ಅಂದ. ಅಗರ್‌ಗೆ ಸಮುದ್ರದಷ್ಟೇ ಉಪ್ಪು, ನೂರಕ್ಕೆ ಮೂರೂವರೆ ಭಾಗ ಹಾಕಿದರು. ಎಲ್ಲವೂ ಬೆಳೆದವು. ಬೆಂಚಿನ ಧೂಳಿನಿಂದ ಬಂದವೂ ಬೆಳೆದವು! ಆಸ್ಪರ್ಜಿಲಸ್‌ಗೆ ಅಷ್ಟು ಉಪ್ಪು ಲೆಕ್ಕಕ್ಕೇ ಇಲ್ಲ. ಉಪ್ಪಿನಕಾಯಿ ಜಾಡಿಯ ಮೇಲೆ ಬೂಷ್ಟು ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಹೊಳೆ ಮತ್ತು ಗಾಳಿ ನೆಲದ ಬೀಜಕಣಗಳನ್ನು ದಿನವೂ ಸಮುದ್ರಕ್ಕೆ ಸುರಿಯುತ್ತವೆ. ಅವು ಸಾಯದೆ ಸುಮ್ನೆ ಕೂತಿರಬಲ್ಲವು. ಅಳಿವೆಯ ಮರದ ಮೇಲೆ ಅವು ಇದ್ದದ್ದೂ ನಿಜವೇ ಇರಬಹುದು. ಆದರೆ ಮನೆ ಮುಂದೆ ನಿಂತವರೆಲ್ಲ ಮನೆಯವರಲ್ಲ ಅಲ್ವಾ? ಜೊತೆಗೆ ನಾವು ಎಂಟು ದಿನ ಕವರ್‌ನಲ್ಲಿ ಕೊಳೆ ಹಾಕಿ, ಸಿಹಿನೀರಲ್ಲಿ ತೊಳೆದು, ಸಕ್ಕರೆ ತುಂಬಿದ ಅಗರ್ ಬಡಿಸಿದ್ದೆವು. ಅಂಥ ಊಟಕ್ಕೆ ಓಡಿ ಬರುವುದು ವೇಗವಾಗಿ ಬೆಳೆಯುವವು. ಸಮುದ್ರದವು ನಿಧಾನ. ಅವು ಏಳುವ ಹೊತ್ತಿಗೆ ಎಲೆಯೇ ಖಾಲಿ.

ರಿಪೋರ್ಟ್ ಕೊಡುವುದಾ, ಬಿಡುವುದಾ

ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ. ರಿಪೋರ್ಟ್ ಸಿದ್ಧವಿತ್ತು. ಅಂಕ ಬರುತ್ತಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಅಳಿವೆಯ ಮರದಿಂದ ಸಿಕ್ಕ ಶಿಲೀಂಧ್ರಗಳು ಅಂತ ಹೆಸರು ಬದಲಿಸಿ ಕೊಟ್ಟುಬಿಡಿ. ಸುಳ್ಳೇನೂ ಆಗಲ್ಲ" ಅಂದರು. ಮಂಜುವಿನ ಮನೆಯಲ್ಲಿ ಕಾಯುತ್ತಿದ್ದರು. ಅವನಿಗೆ ಬೇಗ ಕೆಲಸಕ್ಕೆ ಸೇರಬೇಕಿತ್ತು.

ಮಂಜುವನ್ನೇ ಕೇಳಿದೆ. ಒಂದು ದಿನ ಟೈಮ್ ಕೊಡಿ ಮೇಡಂ ಅಂದ. ಮರುದಿನ ಬಂದು ಹೇಳಿದ: "ಮಾವ ಕೇಳಿದ್ರೆ ಏನಂತ ಹೇಳ್ಲಿ? ನಮ್ಮ ಲ್ಯಾಬಿನ ಧೂಳು ನಿಮ್ಮ ಕಂಬ ತಿಂತು ಅಂತಾನಾ?"

ಒಂದು ಸೆಮಿಸ್ಟರ್ ಮುಂದಕ್ಕೆ ಹಾಕಲು ಅರ್ಜಿ ಕೊಟ್ಟೆವು. ಸಿಕ್ಕಿತು.

ಮರದ ಒಳಗೆ ನೋಡಿದ್ದು

ಹೊಸ ಸ್ಯಾಂಪಲ್ ತರುವ ಮೊದಲು ಒಂದು ಕೆಲಸ ಮಾಡಿದೆವು. ಹಳೆಯ ಚೂರುಗಳಲ್ಲಿ ಕೆಲವು ಒಣಗಿ ಡ್ರಾಯರ್‌ನಲ್ಲಿ ಇದ್ದವು. ಒಣಗಿದ ಮೇಲೆ ಅವುಗಳ ಮೇಲ್ಮೈ ಇದ್ದಿಲಿನ ಹಾಗೆ ಕಪ್ಪಗಾಗಿ, ಅಡ್ಡಡ್ಡ ಸಣ್ಣ ಬಿರುಕು ಬಿಟ್ಟಿತ್ತು. ಉಗುರಿನಲ್ಲಿ ಎಬ್ಬಿಸಿದರೆ ನಾರು ಉದ್ದಕ್ಕೆ ಸೀಳುವ ಬದಲು ಬಿಸ್ಕತ್ತಿನ ಹಾಗೆ ತುಂಡಾಗುತ್ತಿತ್ತು. ಅದು ಸಾಫ್ಟ್ ರಾಟ್‌ನ ಗುರುತು. ಮೂರು ತಿಂಗಳು ನಮ್ಮ ಕೈಯಲ್ಲೇ ಇತ್ತು. ನಾವು ಪ್ಲೇಟು ನೋಡುತ್ತಿದ್ದೆವು, ಮರವನ್ನು ನೋಡಿರಲಿಲ್ಲ.

ಸುಧಾ ಚೂರನ್ನು ನೀರಲ್ಲಿ ನೆನೆಸಿ, ಅರ್ಧ ಬ್ಲೇಡಿನಲ್ಲಿ ತೆಳ್ಳಗೆ ಹೆರೆದಳು. ಈರುಳ್ಳಿ ಸಿಪ್ಪೆಗಿಂತ ತೆಳು ಇರಬೇಕು. ಇಪ್ಪತ್ತು ಹೆರೆದರೆ ಒಂದು ಸರಿ ಬರುತ್ತದೆ. ಅದಕ್ಕೆ ಸಾಫ್ರಾನಿನ್ ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಇಟ್ಟಳು. ನಮ್ಮದು ಸಾದಾ ಮೈಕ್ರೋಸ್ಕೋಪ್. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್‌ಪಿ ರೋಡಿಗೆ ಹೋಗಿ ಹಳೆ ಎಲ್‌ಸಿಡಿ ಪರದೆಯಿಂದ ಬಿಚ್ಚಿದ ಪೋಲರಾಯ್ಡ್ ಹಾಳೆ ತಂದು, ಒಂದನ್ನು ಬೆಳಕಿನ ಮೇಲೆ, ಇನ್ನೊಂದನ್ನು ಕಣ್ಣಿನ ಕಡೆ ಅಡ್ಡಕ್ಕೆ ಇಟ್ಟೆವು. ಹಾಗೆ ಇಟ್ಟರೆ ಸೆಲ್ಯುಲೋಸ್ ಇರುವ ಕಡೆ ಹೊಳೆಯುತ್ತದೆ. ಇಲ್ಲದ ಕಡೆ ಕಪ್ಪು.

ಹೊಳೆಯುವ ನಾರಿನ ಗೋಡೆಯೊಳಗೆ ಕಪ್ಪು ಪೊಳ್ಳುಗಳ ಸಾಲು ಕಂಡಿತು. ಎರಡೂ ತುದಿ ಚೂಪು, ನಡುವೆ ಉಬ್ಬು. ಒಂದರ ಬಾಲಕ್ಕೆ ಇನ್ನೊಂದು ಪೋಣಿಸಿದ ಹಾಗೆ, ನಾರನ್ನು ಸುತ್ತಿಕೊಂಡು ಓರೆಯಾಗಿ ಹೋಗುತ್ತಿದ್ದವು. ಬ್ಲೇಡಿನ ಗೀರು ಹೀಗಿರುವುದಿಲ್ಲ. ಹುಳದ ತೂತೂ ಹೀಗಿರುವುದಿಲ್ಲ.

ಇದು ಆಗುವ ರೀತಿ ನಿಜಕ್ಕೂ ಸೊಗಸು. ಮರದ ಪ್ರತಿ ನಾರಿನ ಗೋಡೆಯಲ್ಲಿ ಹಲವು ಪದರ ಇವೆ. ನಡುವಿನ ದಪ್ಪ ಪದರದಲ್ಲಿ ಸೆಲ್ಯುಲೋಸ್ ಎಳೆಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿರುತ್ತವೆ. ಶಿಲೀಂಧ್ರದ ಎಳೆ ಈ ಪದರಕ್ಕೆ ನುಗ್ಗಿ, ಆ ಸುತ್ತಿನ ದಾರಿ ಹಿಡಿದು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ನಿಂತಲ್ಲಿ ತನ್ನ ಸುತ್ತಲ ಗೋಡೆಯನ್ನು ಕರಗಿಸಿ ಪೊಳ್ಳು ಮಾಡುತ್ತದೆ. ಮತ್ತೆ ಸಣ್ಣ ಮೂತಿ ಚಾಚಿ ಮುಂದೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಅದಕ್ಕೇ ಮಣಿಸರದ ಹಾಗೆ ಕಾಣುವುದು. ಅದು ಜಾಸ್ತಿ ತಿನ್ನುವುದು ಸೆಲ್ಯುಲೋಸನ್ನು. ಎಳೆಗಳನ್ನು ಬೆಸೆದು ಹಿಡಿಯುವ ಲಿಗ್ನಿನ್ ಬಹುಪಾಲು ಉಳಿಯುತ್ತದೆ. ಹಾಗಾಗಿ ಕಂಬದ ಆಕಾರ ಹಾಗೇ ಇರುತ್ತದೆ, ಬಲ ಹೋಗಿರುತ್ತದೆ.

ಅಲ್ಲಿಗೆ ಬೀಗ ಒಡೆದ ಗುರುತು ಸಿಕ್ಕಿತು. ಕಳ್ಳ ಸಿಕ್ಕಿರಲಿಲ್ಲ.

ಎರಡನೇ ಸಲ

ಫೆಬ್ರವರಿಯಲ್ಲಿ ಮೂವರೂ ಹೋದೆವು. ಸಮಯವನ್ನು ಬೇಕೆಂದೇ ಆರಿಸಿದ್ದು. ಮಳೆಗಾಲದಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗಿರುತ್ತದೆ. ಆಮೇಲೆ ತಿಂಗಳು ಕಳೆದ ಹಾಗೆ ಉಪ್ಪು ಏರುತ್ತದೆ. ಧಕ್ಕೆಯ ಹತ್ತಿರ ಆ ದಿನ ಲೀಟರಿಗೆ 30 ಗ್ರಾಂ ಆಸುಪಾಸು ಇತ್ತು. ಸಮುದ್ರದ ನೀರಿನಲ್ಲಿ ಸುಮಾರು 35 ಇರುತ್ತದೆ.

ಈ ಸಲ ಅವಸರ ಮಾಡಲಿಲ್ಲ. ಇಳಿತದ ಹೊತ್ತಿಗೆ ಕಾದು, ನೀರು ಏರಿ ಇಳಿಯುವ ಮಟ್ಟದಲ್ಲಿ ಬಹಳ ದಿನದಿಂದ ಇದ್ದ ಮರವನ್ನೇ ಆರಿಸಿದೆವು. ಮೊನ್ನೆ ತೇಲಿ ಬಂದ ತುಂಡು ಬೇಡ, ಪಾಚಿ ಮತ್ತು ಚಿಪ್ಪು ಹತ್ತಿದ ಹಳೆಯದು ಬೇಕು. ಕೆಸರಿನಲ್ಲಿ ಪೂರ್ತಿ ಹೂತದ್ದನ್ನೂ ಬಿಟ್ಟೆವು. ಶಿಲೀಂಧ್ರಕ್ಕೆ ಗಾಳಿ ಬೇಕು. ಕೆಸರಿನಡಿ ಗಾಳಿಯಿಲ್ಲದ ಕಡೆ ಮರ ತಿನ್ನುವುದು ಬ್ಯಾಕ್ಟೀರಿಯಾ, ಅದೂ ಬಹಳ ನಿಧಾನ. ಚೂರುಗಳನ್ನು ಅಲ್ಲೇ ಸಮುದ್ರದ ನೀರಿನಲ್ಲಿ ಮೆಲ್ಲಗೆ ಜಾಲಿಸಿದೆವು. ನಾಲ್ಕು ಕ್ಯಾನ್ ಸಮುದ್ರದ ನೀರನ್ನೂ ತುಂಬಿಕೊಂಡೆವು. ಬಸ್ಸಿನವರು ಏನು ಎತ್ತ ಎಂದು ಕೇಳಿ, ಲಗೇಜ್ ಟಿಕೆಟ್ ಹರಿದು, ಕೊನೆಗೆ ಕ್ಯಾನ್ ಅಲ್ಲಾಡದ ಹಾಗೆ ತಾವೇ ಹಗ್ಗ ಕಟ್ಟಿಕೊಟ್ಟರು.

ಅಡುಗೆ ಉಪ್ಪು ಕಲಸಿದರೆ ಸಮುದ್ರದ ನೀರು ಆಗುವುದಿಲ್ಲ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ನೂರಕ್ಕೆ 85ರಷ್ಟು ಇದ್ದರೂ ಉಳಿದದ್ದು ಸಲ್ಫೇಟ್, ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟ್ಯಾಶಿಯಂ. ನೀರು ಖಾಲಿಯಾದಾಗ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪನ್ನು ಬಳಸಿದೆವು. ಅದು ನಡೆಯುತ್ತದೆ. ನಿಜವಾದ ಸಮುದ್ರದ ನೀರನ್ನು ಆಟೋಕ್ಲೇವ್ ಮಾಡಿದಾಗ (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿ ಕೊಂದಾಗ) ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಮೊದಲ ದಿನ ಸುಧಾ ಗಾಬರಿಯಾಗಿ ಒಂದು ಬಾಟಲಿ ಚೆಲ್ಲಿದಳು. ಹೆದರಬೇಕಾಗಿಲ್ಲ, ಕಾಯಿಸಿದಾಗ ಸುಣ್ಣ, ಮೆಗ್ನೀಶಿಯಂ ಲವಣ ಬೇರೆಯಾಗುವುದು ಅದು.

ಬೆಂಗಳೂರಿಗೆ ಬಂದ ದಿನವೇ ಚೂರುಗಳನ್ನು ಬಿಚ್ಚಿದೆವು. ಊಟದ ಡಬ್ಬಿಯಂಥ 30 ಪ್ಲಾಸ್ಟಿಕ್ ಬಾಕ್ಸ್, ಅಡಿಯಲ್ಲಿ ಟಿಶ್ಯೂ ಪೇಪರ್, ಅದರ ಮೇಲೆ ಮರ, ಮೇಲಿಂದ ಕಾಯಿಸಿ ಆರಿಸಿದ ಸಮುದ್ರದ ನೀರಿನ ಸಿಂಪರಣೆ. ತೇವ ಇರಬೇಕು, ಮುಳುಗಬಾರದು. ಅಗರ್ ಇಲ್ಲ, ಸಕ್ಕರೆ ಇಲ್ಲ. ಮರದಲ್ಲಿ ಆಗಲೇ ಇರುವುದು ತನ್ನ ಪಾಡಿಗೆ ತಾನು ಬೆಳೆದು ಹೊರಗೆ ಬರಲಿ ಎಂದು ಕಾಯುವುದು. ವಾರಕ್ಕೊಮ್ಮೆ ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಪ್ರತಿ ಚೂರನ್ನೂ ತಿರುಗಿಸಿ ತಿರುಗಿಸಿ ನೋಡುವುದು. ನಮ್ಮ ಅಟೆಂಡರ್ ಅಣ್ಣ ದಿನವೂ ಸಂಜೆ ಮುಚ್ಚಳ ತೆಗೆದು ಎರಡು ಸಲ ನೀರು ಸಿಂಪಡಿಸುತ್ತಿದ್ದರು. ಬೇಸಿಗೆ ರಜೆಯಲ್ಲೂ ತಪ್ಪಿಸಲಿಲ್ಲ. ಅವರಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ.

ಎರಡು ವಾರ ಏನೂ ಇಲ್ಲ. ಮೂರನೇ ವಾರ ಏಳನೇ ಬಾಕ್ಸಿನ ಚೂರಿನ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆಗಳು, ಅರ್ಧ ಮರದೊಳಗೆ ಹೂತುಕೊಂಡು ಕಂಡವು. ಮಂಜು ಸೂಜಿಯಿಂದ ಒಂದನ್ನು ಎತ್ತಿ, ಸಮುದ್ರದ ನೀರಿನ ಹನಿಯಲ್ಲಿ ಇಟ್ಟು, ಮೇಲೆ ಗಾಜಿಟ್ಟು ಮೆಲ್ಲಗೆ ಒತ್ತಿದ.

ಚುಕ್ಕೆ ಒಡೆದು ಬೀಜಕಣಗಳು ಹೊರಗೆ ಹರಿದವು. ಪ್ರತಿಯೊಂದೂ ಎರಡು ಕೋಣೆಯ, ಬಣ್ಣವಿಲ್ಲದ, ಗಾಜಿನಂಥ ಕಣ. ಪ್ರತಿ ತುದಿಯಲ್ಲಿ ಎರಡೆರಡು ಕೊಂಬು. ಒಟ್ಟು ನಾಲ್ಕು, ನಾಲ್ಕು ದಿಕ್ಕಿಗೆ ಚಾಚಿಕೊಂಡಿದ್ದವು. ಆಂಟೆನೊಸ್ಪೋರಾ ಕ್ವಾಡ್ರಿಕಾರ್ನುಟಾ. ಬೆಚ್ಚಗಿನ ಸಮುದ್ರಗಳ ಶಿಲೀಂಧ್ರ. ಮಂಜು ಮಾತಾಡಲಿಲ್ಲ. ಸೀಟು ಬಿಟ್ಟು ಎದ್ದು ನನಗೆ ಜಾಗ ಕೊಟ್ಟ. ನಾನು ನೋಡಿ ಸುಧಾಗೆ ಕೊಟ್ಟೆ. ಅಟೆಂಡರ್ ಅಣ್ಣನನ್ನೂ ಕರೆದು ತೋರಿಸಿದೆವು.

ಆ ಕೊಂಬುಗಳಿಗೆ ಕೆಲಸ ಇದೆ. ಇವುಗಳ ನೆಲದ ನೆಂಟರಲ್ಲಿ ಬಹಳಷ್ಟು ಬೀಜಕಣಗಳನ್ನು ಅವು ಹುಟ್ಟುವ ಚೀಲದಿಂದ ಗಾಳಿಗೆ ಚಿಮ್ಮಿಸುತ್ತವೆ. ನೀರಿನೊಳಗೆ ಚಿಮ್ಮಿಸಿ ಏನು ಲಾಭ? ಆಂಟೆನೊಸ್ಪೋರಾದ ಬಳಗದಲ್ಲಿ ಚೀಲವೇ ಕರಗಿಹೋಗುತ್ತದೆ, ಕಣಗಳು ನೀರಿಗೆ ಸೇರುತ್ತವೆ. ಆಮೇಲೆ ಅಲೆ ಕರೆದುಕೊಂಡು ಹೋದ ಕಡೆ ತೇಲಬೇಕು, ಮರ ಸಿಕ್ಕರೆ ಹಿಡಿದುಕೊಳ್ಳಬೇಕು. ಕೊಂಬು, ಬಾಲ, ಅಂಟು ಎಲ್ಲ ಅದಕ್ಕೇ. ಸಮುದ್ರದ ದಡದ ನೊರೆಯನ್ನು ಚಮಚದಲ್ಲಿ ಎತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಇಂಥ ಕಣಗಳು ಸಿಗುತ್ತವೆ. ಗೋಕರ್ಣದ ಕಡೆ ಹೋಗುವ ವಿದ್ಯಾರ್ಥಿಗಳಿಗೆಲ್ಲ ಈಗ ಒಂದು ಸಣ್ಣ ಬಾಟಲಿ ಕೊಟ್ಟು ಕಳಿಸುತ್ತೇನೆ.

ಆಮೇಲೆ ಒಂದೊಂದಾಗಿ ಬಂದವು. ಕಂದು ಮಣಿಗಳ ಸರದಂಥ ಪೆರಿಕೋನಿಯಾ ಪ್ರೊಲಿಫಿಕಾ. ಒಂದು ತುದಿಯಿಂದ ಮೂರು ಕೋಲು ಚಾಚಿದ ಟಾರ್ಪೆಡೊಸ್ಪೋರಾ ರೇಡಿಯೇಟಾ. ಕಾಂಡ್ಲಾ ಮರದ ಚೂರುಗಳಲ್ಲಿ ವೆರುಕ್ಯುಲಿನಾ ಎನಾಲಿಯಾ, ಕಂದು ಬಣ್ಣದ ಒರಟು ಮೈಯ ಕಣ. ನಾಲ್ಕನೇ ತಿಂಗಳಲ್ಲಿ, ಇನ್ನು ಏನೂ ಬರಲಿಕ್ಕಿಲ್ಲ ಎಂದು ಬಾಕ್ಸ್ ತೊಳೆಯಲು ಎತ್ತಿಟ್ಟಿದ್ದ ಒಂದು ಚೂರಿನಲ್ಲಿ ಲುಲ್ವರ್ತಿಯಾ ಗ್ರಾಂಡಿಸ್ಪೋರಾ. ಅದರ ಬೀಜಕಣ ಅರ್ಧ ಮಿಲಿಮೀಟರಿಗೂ ಉದ್ದದ ದಾರ. ಒಂದು ಕಣವನ್ನು ಪೂರ್ತಿ ನೋಡಲು ಸ್ಲೈಡ್ ಸರಿಸುತ್ತಾ ಹೋಗಬೇಕು.

ಹಳೆಯ 11 ಬಗೆಯಲ್ಲಿ ಒಂದೂ ಈ ಪಟ್ಟಿಯಲ್ಲಿ ಇರಲಿಲ್ಲ.

ಇವೇ ಎನ್ನಲು ಸಾಕ್ಷಿ

ಮರದ ಮೇಲೆ ಇದ್ದ ಮಾತ್ರಕ್ಕೆ ಮರ ತಿಂದದ್ದು ಅದೇ ಅನ್ನಲು ಆಗುವುದಿಲ್ಲ. ಒಮ್ಮೆ ಪೆಟ್ಟು ತಿಂದಿದ್ದೆವು. ಹಾಗಾಗಿ ಬೀಜಕಣಗಳನ್ನು ಸಮುದ್ರದ ನೀರಿನಲ್ಲಿ ಮಾಡಿದ ಮೆಕ್ಕೆಜೋಳದ ಅಗರ್ ಮೇಲೆ ಹರಡಿ, ಬ್ಯಾಕ್ಟೀರಿಯಾ ಬರದಂತೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಹಾಕಿ, ಮೊಳೆತ ಒಂದೊಂದೇ ಕಣವನ್ನು ಎತ್ತಿ ಬೇರೆ ಪ್ಲೇಟಿಗೆ ಹಾಕಿದೆವು. ಇದರಲ್ಲಿ ಸೋತದ್ದೇ ಜಾಸ್ತಿ. ನಾಲ್ಕು ಮಾತ್ರ ಶುದ್ಧವಾಗಿ ಬಂದವು. ಆಸ್ಪರ್ಜಿಲಸ್ ಮೂರು ದಿನಕ್ಕೆ ತುಂಬುವ ಪ್ಲೇಟನ್ನು ಅರ್ಧ ತುಂಬಲು ಇವು ವಾರಗಟ್ಟಲೆ ತೆಗೆದುಕೊಂಡವು.

ಹೊಸ ಗಾಳಿ ಮರದ ಸಣ್ಣ ತುಂಡುಗಳನ್ನು ಆಟೋಕ್ಲೇವ್ ಮಾಡಿ, ಸಮುದ್ರದ ನೀರಿರುವ ಫ್ಲಾಸ್ಕ್‌ಗಳಲ್ಲಿ ಇಟ್ಟು, ಒಂದೊಂದಕ್ಕೆ ಒಂದೊಂದು ಶಿಲೀಂಧ್ರ ಹಾಕಿದೆವು. ಜೊತೆಗೆ ನಮ್ಮ ಹಳೆಯ ಆಸ್ಪರ್ಜಿಲಸ್ ಕೆಲವಕ್ಕೆ, ಏನೂ ಹಾಕದೆ ಇಟ್ಟವು ಕೆಲವು. ಮರ ಗಾಳಿ ಮರವೇ ಹೌದಾ ಎಂಬ ಅನುಮಾನವೂ ಉಳಿಯಬಾರದು ಎಂದು ಮಂಜು ಮಲ್ಲೇಶ್ವರದ 18ನೇ ಕ್ರಾಸಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಹೋಗಿ, ಅಲ್ಲಿನ ಮಾದರಿಗಳ ಜೊತೆ ಹೋಲಿಸಿ ಬಂದ. 1938ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಅರಣ್ಯ ಸಂಶೋಧನಾ ಲ್ಯಾಬ್‌ನಿಂದ ಬೆಳೆದು ಬಂದ ಸಂಸ್ಥೆ ಅದು. ಮರದ ಬಗ್ಗೆ ಇಷ್ಟು ಕೆಲಸ ನಡೆಯುವ ಊರಲ್ಲಿದ್ದೂ ನಮ್ಮ ಹುಡುಗರಲ್ಲಿ ಬಹಳ ಜನ ಅದರ ಗೇಟು ನೋಡಿಲ್ಲ. ಇದು ನನ್ನ ಕೊರಗು.

ಐದು ತಿಂಗಳ ನಂತರ ತುಂಡುಗಳನ್ನು ಹೆರೆದು ನೋಡಿದೆವು. ನಾಲ್ಕರಲ್ಲಿ ಎರಡು ಶಿಲೀಂಧ್ರಗಳ ತುಂಡಿನಲ್ಲಿ ಅದೇ ಚೂಪು ತುದಿಯ ಪೊಳ್ಳುಗಳು ಕಂಡವು. ಮಾವನ ಕಂಬದಲ್ಲಿ ಕಂಡ ಹಾಗೆಯೇ. ಇನ್ನೆರಡರಲ್ಲಿ ಎಳೆಗಳು ಒಳಗೆ ಹೋಗಿದ್ದವು, ಪೊಳ್ಳು ಇರಲಿಲ್ಲ. ಆಸ್ಪರ್ಜಿಲಸ್ ಹಾಕಿದ್ದರಲ್ಲಿ ಮೇಲೆಲ್ಲ ಬೂಷ್ಟು ಹರಡಿತ್ತು. ಮರದ ಗೋಡೆ ಹಾಗೇ ಇತ್ತು.

ಈ ಕೊನೆಯ ಹೋಲಿಕೆ ನನಗೆ ಮುಖ್ಯ. ಅಗರ್ ಪ್ಲೇಟಿನಲ್ಲಿ ಸೆಲ್ಯುಲೋಸ್ ಪುಡಿ ಕರಗಿಸಿದ್ದ ಅದೇ ಆಸ್ಪರ್ಜಿಲಸ್, ಸಮುದ್ರದ ನೀರಿನಲ್ಲಿದ್ದ ನಿಜವಾದ ಮರದ ಮೇಲೆ ಆ ಗುರುತು ಬಿಡಲಿಲ್ಲ. ನಮ್ಮ ಮೊದಲ ರಿಪೋರ್ಟಿನ ಇಡೀ ತೀರ್ಮಾನ ನಿಂತಿದ್ದು ಆ ಪುಡಿಯ ಪರೀಕ್ಷೆಯ ಮೇಲೆ.

ಈಗ ನಮ್ಮ ಲ್ಯಾಬಿನಲ್ಲಿ

ಸ್ಯಾಂಪಲ್ ತರುವ ಮೊದಲು ಆ ದಿನ ಲ್ಯಾಬ್ ತೆರೆದಿರುತ್ತದಾ ಎಂದು ನೋಡುತ್ತೇವೆ. ಮೊದಲಿನ ಹಾಗೆ ರಜೆ ಸಿಕ್ಕಿತು ಎಂದು ಸ್ಯಾಂಪಲ್ ತರುವುದಿಲ್ಲ. ಮೊದಲ ದಿನವೇ ಮರವನ್ನು ಹೆರೆದು ನೋಡುತ್ತೇವೆ, ಕೊಳೆ ಯಾವ ಬಗೆಯದು ಎಂದು ಬರೆದಿಡುತ್ತೇವೆ, ಆಮೇಲೆಯೇ ಬೇರೆ ಮಾತು. ಪ್ರತಿ ಸಲ ಖಾಲಿ ಪ್ಲೇಟು ಇರುತ್ತದೆ. ಬಾಕ್ಸುಗಳನ್ನು ಆರು ತಿಂಗಳ ಮೊದಲು ತೊಳೆಯುವುದಿಲ್ಲ. ಮಂಜು ಲುಲ್ವರ್ತಿಯಾವನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದನ್ನು ಹೊಸಬರಿಗೆಲ್ಲ ಹೇಳುತ್ತೇನೆ. ಎರಡು ತಿಂಗಳ ಪ್ರಾಜೆಕ್ಟಿಗೆ ಈ ವಿಷಯ ಕೊಡಬಾರದು ಎಂದೂ ನಾನು ಕಲಿತೆ. ಸಮಯ ಕಡಿಮೆ ಕೊಟ್ಟರೆ ಮಕ್ಕಳು ಬೇಗ ಬೆಳೆಯುವುದನ್ನೇ ತರುತ್ತಾರೆ. ತಪ್ಪು ಅವರದಲ್ಲ.

ಇನ್ನೂ ಒಂದು ಮಾತು ಹೇಳಬೇಕು. ಈ ಶಿಲೀಂಧ್ರಗಳನ್ನು ಕಳ್ಳ ಎಂದು ಕರೆದೆ, ಅದು ಕಂಬದ ಮಟ್ಟಿಗೆ. ಅಳಿವೆಗೆ ಬಿದ್ದ ಕೊಂಬೆ, ಬೇರು, ಕಾಂಡ್ಲಾದ ಒಣಮರ ಎಲ್ಲ ಕರಗುವುದರಲ್ಲಿ ಇವುಗಳ ಕೈ ಇದೆ. ಯಾರೂ ಸುಲಭಕ್ಕೆ ಜೀರ್ಣ ಮಾಡಲಾಗದ ಮರವನ್ನು ಇವು ತಮ್ಮ ಮೈಯಾಗಿ ಮಾಡಿಕೊಳ್ಳುತ್ತವೆ. ಆ ಮೈಯನ್ನು ಬಸವನಹುಳು, ಏಡಿ, ಸಣ್ಣ ಹುಳುಗಳು ತಿನ್ನುತ್ತವೆ. ಮಾವನ ಬಲೆಗೆ ಬೀಳುವ ಮೀನಿನ ಊಟದಲ್ಲಿ ಇವುಗಳ ಪಾಲೂ ಇದೆ.

ಮಾವನಿಗೆ ಕೊಟ್ಟ ಉತ್ತರ

ಮಂಜು ಊರಿಗೆ ಹೋಗಿ ಫೋಟೊ ತೋರಿಸಿದ. ಮಾವ ನೋಡಿ, "ಚಂದ ಉಂಟು. ಈಗ ಕಂಬಕ್ಕೆ ಎಂತ ಮಾಡುದು?" ಅಂದರಂತೆ.

ಔಷಧಿ ಹೊಡೆದ ಮರ ಹಾಕಿ ಎಂದು ಹೇಳುವುದು ಸುಲಭ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರ ಉಳಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ನಮ್ಮ ದೇಶದವರೇ, ಸೋಂಟಿ ಕಾಮೇಶಂ. ಅದು ಜಗತ್ತಿನೆಲ್ಲೆಡೆ ಬಳಕೆಗೆ ಬಂತು. ಆದರೆ ಆರ್ಸೆನಿಕ್ ಇರುವ ಮರವನ್ನು ಚಿಪ್ಪು ಆರಿಸುವ ಅಳಿವೆಯಲ್ಲಿ ನೆಡಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಸಾಫ್ಟ್ ರಾಟ್ ಶಿಲೀಂಧ್ರಗಳು ತಾಮ್ರವನ್ನು ಬೇರೆ ಶಿಲೀಂಧ್ರಗಳಿಗಿಂತ ಜಾಸ್ತಿ ತಡೆದುಕೊಳ್ಳುತ್ತವೆ ಕೂಡ.

ನಾವು ಹೇಳಿದ್ದು ಇಷ್ಟು. ಈ ಕೊಳೆ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಮೆತ್ತಗಾದ ಪದರ ಮತ್ತು ಗಟ್ಟಿ ಮರದ ನಡುವೆ ಗೆರೆ ಎಳೆದಂಥ ಗಡಿ ಇರುತ್ತದೆ. ಚಾಕು ಇಳಿಯಿತು ಎಂದು ಕಂಬ ಕಿತ್ತು ಎಸೆಯಬೇಕಿಲ್ಲ. ಎಷ್ಟು ಇಳಿಯಿತು ಎಂದು ಅಳೆಯಬೇಕು. ದಪ್ಪ ಕಂಬಕ್ಕೆ ಒಂದು ಬೆರಳು ಹೋದರೂ ನಡೆಯುತ್ತದೆ. ಸಣ್ಣ ಕಂಬಕ್ಕೆ ಅಷ್ಟೇ ಹೋದರೆ ಅಪಾಯ, ಯಾಕೆಂದರೆ ಬಾಗುವಾಗ ಭಾರ ಹೊರುವುದು ಹೊರಸುತ್ತಿನ ಮರವೇ. ಹೊಸದು ನೆಡುವಾಗ ದಪ್ಪನೆಯ, ಒಳತಿರುಳು ಜಾಸ್ತಿ ಇರುವ ಕಂಬ ಆರಿಸಿದರೆ ಬಾಳಿಕೆ ಬರುತ್ತದೆ.

ಮಾವ ಇಳಿತದಲ್ಲಿ ಧಕ್ಕೆಯ ಎಲ್ಲ ಕಂಬಗಳಿಗೂ ಚಾಕು ಹಾಕಿ ನೋಡಿದರು. ಎರಡನ್ನು ಬದಲಿಸಿದರು. ಉಳಿದವನ್ನು ಬಿಟ್ಟರು. ಆಮೇಲೆ ಅವರಾಗಿಯೇ ಒಂದು ಕೆಲಸ ಮಾಡಿದರು. ಮಾವಿನ ಹಲಗೆ ಒಂದು, ಗಾಳಿ ಮರದ ತುಂಡು ಒಂದು, ತೇಗದ ತಿರುಳಿನ ತುಂಡು ಒಂದು, ಮೂರನ್ನೂ ನೈಲಾನ್ ಹಗ್ಗದಲ್ಲಿ ಕಟ್ಟಿ ಧಕ್ಕೆಯಿಂದ ನೀರಿಗೆ ಬಿಟ್ಟಿದ್ದಾರೆ. ಯಾವುದನ್ನು ಯಾವಾಗ ತಿನ್ನುತ್ತದೆ ನೋಡುವಾ ಎಂದು ಮಂಜುಗೆ ಫೋನ್ ಮಾಡಿ ಹೇಳಿದರಂತೆ. ಮಳೆಗಾಲ ಮುಗಿದು ನೀರು ಉಪ್ಪಾದ ಮೇಲೆ ಅವನ್ನು ಎತ್ತಬೇಕು. ಕ್ಯಾನ್, ಬಾಕ್ಸ್, ಬ್ಲೇಡು ಎಲ್ಲವನ್ನೂ ಸುಧಾ ಈಗಲೇ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದಾಳೆ.